ತಡಿ, ನನ್ನ ಸರದಿ

ಗುರುವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಗುಬ್ಬಿಗೆ,

ಹೇಗಿದ್ದೀಯ? ನಿನ್ನಮ್ಮನ ಮಂಡಿನೋವು ಕಡಿಮೆಯಾಯಿತಾ? ಬರೆಯುವುದು ತಡವಾಯಿತು, ಬೈಯಬೇಡ. ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ ನನಗೆ ಮಾತು ಹೊರಡುವುದಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಇಷ್ಟುದ್ದ ಬರೆದೇ ಇಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಅಣ್ಣ ಗಾಜಿನ ಮೇಲೆ ಗೆರೆ ಎಳೆಯುತ್ತಾನೆ, ನಾನು ಆ ಗೆರೆ ಹಿಡಿದು ಕತ್ತರಿಸುತ್ತೇನೆ. ನಿನ್ನೆ ದೊಡ್ಡ ಕನ್ನಡಿಯೊಂದು ಕೈಯಲ್ಲೇ ಬಿರುಕು ಬಿಟ್ಟಿತು. "ಎಲ್ಲಿಟ್ಟಿದ್ದೀಯೋ ತಲೇನ? ಹೆಂಡ್ತಿ ತವರಿಗೆ ಕಟ್ಕೊಂಡು ಹೋದ್ಲಾ?" ಅಂದ ಅಣ್ಣ. ಪಾಲಿಶ್ ಹಾಕುವ ಮುದುಕ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ನಗುವುದಕ್ಕೂ ಸುಸ್ತು, ಗುಬ್ಬಿ.

ಹೋಗುವ ದಿನ ನೀನು ಕೇಳಿದೆ, "ಅಂಥದ್ದೇನ್ರೀ ಇದೆ ಆ ಕಂಪ್ಯೂಟರ್ ಆಟದಲ್ಲಿ? ಹೆಂಡ್ತಿಗಿಂತ ಹೆಚ್ಚಾ?" ಎಂದು. ಈಗ ಹೇಳುತ್ತೇನೆ, ಕೇಳು.

ಅದರಲ್ಲಿ ನನ್ನದೊಂದು ಸಣ್ಣ ದಂಡು. ಕುಂಟ ಬಿಲ್ಲುಗಾರ, ಬಾಯಿಬಡುಕ ಕಮ್ಮಾರ, ಗುರಾಣಿ ಹಿಡಿದ ಒಬ್ಬ ವಿಧವೆ. ಎಲ್ಲ ಕೂಲಿಗೆ ಬಂದವರು. ಮುಂದೆ ಇಂಥದ್ದೇ ಆಗಬೇಕೆಂಬ ಕಥೆಯಿಲ್ಲ. ಕಳ್ಳರ ಜೊತೆ ಹೊಡೆದಾಡಬಹುದು, ಅವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಸುಮ್ಮನೆ ಉಪ್ಪು ಮಾರಿಕೊಂಡೂ ಇರಬಹುದು. ಯಾಕೆ ಅನ್ನುವವರಿಲ್ಲ. ಕಾದಾಟವೂ ಸರದಿಯ ಮೇಲೆ. ಗುಡ್ಡದ ಮೇಲೆ ಕಮ್ಮಾರನನ್ನು ನಿಲ್ಲಿಸಲಾ, ಬಿಲ್ಲುಗಾರನನ್ನಾ ಎಂದು ನಾನು ಎಷ್ಟು ಹೊತ್ತು ಯೋಚಿಸಿದರೂ ಶತ್ರು ಕತ್ತಿ ಎತ್ತಿಕೊಂಡು ಹಾಗೇ ನಿಂತಿರುತ್ತಾನೆ. ನನಗೆ ಬೇರೆ ಯಾರು ಹಾಗೆ ಕಾದಿದ್ದಾರೆ ಹೇಳು. ಅದರಲ್ಲಿ ಸತ್ತವರು ಮತ್ತೆ ಬರುವುದಿಲ್ಲ. ಹೋದ ವಾರ ವಿಧವೆ ಸತ್ತಳು. ನಾನೇ ಅವಳನ್ನು ಮುಂದೆ ಕಳಿಸಿದ್ದೆ. ಊಟ ಸೇರಲಿಲ್ಲ. ಆದರೂ ಆ ತಪ್ಪು ಪೂರಾ ನನ್ನದು. ಅದರಲ್ಲೂ ಒಂದು ನೆಮ್ಮದಿ ಇದೆ, ನಗಬೇಡ.

ಓದು ಬಿಡು ಅಂದದ್ದು ಅಣ್ಣ. ಗಾಜು ಹಿಡಿ ಅಂದದ್ದು ಅಣ್ಣ. ನಮ್ಮ ಬಾಡಿಗೆ ಮನೆ, ನನ್ನ ತಲೆಯ ಕ್ರಾಪು ಕೂಡ ಅವನು ಹೇಳಿದ್ದೇ. ಕೆಟ್ಟವನಲ್ಲ, ಅಪ್ಪ ಹೋದಮೇಲೆ ಸಾಕಿದ್ದು ಅವನೇ. ಆದರೆ ನನಗೆ ಕಾಲು ನಿಲ್ಲುವುದಿಲ್ಲ. ಎಲ್ಲಿಗೋ ಹೋಗಬೇಕು, ಎಲ್ಲಿಗೆ ಅಂತ ಗೊತ್ತಿಲ್ಲ. ಆಟದೊಳಕ್ಕೆ ಹೋಗಿಬಿಡುತ್ತೇನೆ.

ಅತ್ತಿಗೆ ನಿನ್ನ ಗಿಡಗಳಿಗೆ ನೀರು ಹಾಕುತ್ತಿದ್ದಾರೆ. ನಿನ್ನಮ್ಮನಿಗೆ ನಮಸ್ಕಾರ, ನಿನ್ನ ತಮ್ಮನಿಗೆ ಒಂದು ಗುದ್ದು. ಹೊತ್ತಿಗೆ ಸರಿಯಾಗಿ ಉಣ್ಣು. ತಣ್ಣಗಿರು.

ನಿನ್ನ
ಮೊದ್ದು

ಇದನ್ನು ಮರೆತಿದ್ದೆ ಅಂದುಕೊಳ್ಳಬೇಡ, ಹೆದರಿ ಕೊನೆಗೆ ಇಟ್ಟುಕೊಂಡೆ: ಅವತ್ತು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದೆಯಲ್ಲ, "ನನ್ನನ್ನ ಇಷ್ಟಪಟ್ಟು ಮದುವೆಯಾದ್ರಾ, ನಿಮ್ಮಣ್ಣ ಹೇಳಿದ್ರು ಅಂತಾನಾ?" ಎಂದು. ನಾನು ಪರದೆಯಿಂದ ಕಣ್ಣು ತೆಗೆಯದೆ "ತಡಿ, ನನ್ನ ಸರದಿ" ಅಂದೆ. ನೀನು ತಡೆಯಲಿಲ್ಲ. ಸುಳ್ಳು ಹೇಳುವುದಿಲ್ಲ. ಅಣ್ಣ ಫೋಟೋ ತೋರಿಸಿದ, ಹೂಂ ಅಂದೆ, ಅಷ್ಟೇ. ಇಷ್ಟ ಆಮೇಲೆ ಬಂತು, ಯಾವಾಗ ಅಂತ ತಿಳಿಯಲಿಲ್ಲ. ಬರುವ ಭಾನುವಾರ ಕಾರು ತಂದು ನಿನ್ನನ್ನು ಕರೆತರಲು ಅಣ್ಣ ಹೊರಟಿದ್ದ. ಇವತ್ತು ಬೆಳಿಗ್ಗೆ ಬೇಡ ಅಂದೆ. ಯಾವತ್ತೂ ಅವನಿಗೆ ಹಾಗೆ ಅಂದವನಲ್ಲ. ಈಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನೀನು ಅವನು ಹೇಳಿದ ಅಂತ ಬರಬೇಡ. ಬರುವುದಿಲ್ಲ ಅನ್ನುವುದಾದರೂ ತಿಳಿಸು. ನಿನ್ನ ಉಳಿದ ಬಟ್ಟೆ ನಾನೇ ತಂದು ಕೊಡುತ್ತೇನೆ, ಅಣ್ಣನ ಕೈಯಲ್ಲಿ ಕಳಿಸುವುದಿಲ್ಲ.