ವಸಡಿನ ಕುರ್ಚಿ ಎತ್ತಿಸುವ ಮುನ್ನ ಒಮ್ಮೆ ಬಾಯಿ ತೆರೆಯಿರಿ

ಮಾನ್ಯ ಜಿಲ್ಲಾ ದಂತಾರೋಗ್ಯಾಧಿಕಾರಿಗಳೇ,

ಜೂನ್ ಮುಗಿಯುವುದರೊಳಗೆ ನಮ್ಮ ಗ್ರುನ್‌ವಾಗ್ ದಂತಾಲಯದಿಂದ ವಸಡಿನ ಕುರ್ಚಿಯನ್ನು ಎತ್ತಿಸುವುದೆಂದು ತಮ್ಮ ಕಚೇರಿ ತೀರ್ಮಾನಿಸಿದೆ. ಕುರ್ಚಿಯ ಜೊತೆಗೆ, ಅದರ ಪಕ್ಕದಲ್ಲಿ ನಿಂತು ಇಡೀ ಊರಿನ ವಸಡು ಶುಚಿಮಾಡುವ ಸೂಲ್‌ಫ್ರಿದ್‌ಳನ್ನೂ ಕಡಲತೋಳಾದ ಫಿಯಾರ್ಡಿನ ಆಚೆ ದಡದ ಪಟ್ಟಣಕ್ಕೆ ಸಾಗಿಸಲಾಗುವುದು. ಇಬ್ಬರ ಬದಲಿಗೆ ನಮಗೆ ಮನೆಗೊಂದು ಪೊಟ್ಟಣ ಕೆಂಪು ಮಾತ್ರೆ. ಜಗಿದರೆ ಕೊಳೆ ಇದ್ದಲ್ಲೆಲ್ಲ ಹಲ್ಲು ಕೆಂಪಾಗುತ್ತದೆ, ಆಮೇಲೆ ನಾವೇ ಉಜ್ಜಿಕೊಳ್ಳಬೇಕು. "ಪ್ರತಿಯೊಬ್ಬ ನಾಗರಿಕನೂ ತನ್ನ ಬಾಯಿಗೆ ತಾನೇ ಕಾವಲುಗಾರ" ಎಂಬುದು ತಮ್ಮ ಘೋಷವಾಕ್ಯ. ಬಹಳ ಚೆನ್ನಾಗಿದೆ. ಇದನ್ನೇ ಗುಡ್ಡದ ಕುರಿಗಳಿಗೂ ಓದಿ ಹೇಳಿ, ಕುರುಬನನ್ನು ಮನೆಗೆ ಕಳಿಸಿ ನೋಡೋಣ.

ನಾನು ದೋಣಿಗಳ ಹೊಟ್ಟೆ ಕೆರೆದು ಬದುಕುವವನು. ಒಂದು ಕೆರೆಗತ್ತಿ, ಇನ್ನೊಬ್ಬರಿಂದ ಕಡ ತಂದ ಏಣಿ, ಇಷ್ಟರಿಂದ ಶುರುಮಾಡಿದೆ. ಈಗ ನನ್ನದೇ ದೋಣಿಕಟ್ಟೆ ಇದೆ. ಆದ್ದರಿಂದ ದಂತಶಾಸ್ತ್ರ ಓದದಿದ್ದರೂ ತಮ್ಮ ಇಲಾಖೆಯ ವಿಷಯ ನನಗೆ ಅಷ್ಟಿಷ್ಟು ಅರ್ಥವಾಗುತ್ತದೆ. ತೊಳೆದ ದೋಣಿಯನ್ನು ನೀರಿಗಿಳಿಸಿದ ಗಳಿಗೆಯಿಂದಲೇ ಅದರ ಮೇಲೆ ಕಣ್ಣಿಗೆ ಕಾಣದ ಒಂದು ಲೋಳೆ ಕೂರುತ್ತದೆ. ಮೊದಲು ಬಂದವರು ಸಾಧು ಜನ. ಅವರು ಹಾಸಿದ ಹಾಸಿಗೆಯ ಮೇಲೆ ಪಾಚಿ ಬರುತ್ತದೆ, ಪಾಚಿಯ ಬೆನ್ನಿಗೆ ಕಲ್ಲಿನಂಥ ಚಿಪ್ಪು. ಬಾಯಿಯಲ್ಲಿ ನಡೆಯುವುದೂ ಇದೇ ಎಂದು ಸೂಲ್‌ಫ್ರಿದ್ ಹೇಳುತ್ತಾಳೆ. ಉಜ್ಜಿದ ಹಲ್ಲಿನ ಮೇಲೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಗಳು ಬಂದು ಬಿಡಾರ ಹೂಡುತ್ತವೆ, ತಾವೇ ಅಂಟು ಸುರಿಸಿ ಅದರೊಳಗೆ ಸೇರಿಕೊಳ್ಳುತ್ತವೆ, ನೆಂಟರನ್ನು ಕರೆಯುತ್ತವೆ. ಬಹುಪಾಲು ನಿರುಪದ್ರವಿಗಳು. ಬಿಡಾರ ಹಳೆಯದಾಗಿ ದಪ್ಪವಾದಾಗ ಮಾತ್ರ ಗಾಳಿ ಬೆಳಕು ಬೇಡದ ಪುಂಡರು ಬಂದು ವಸಡಿನ ಸಂದಿಗೆ ಇಳಿಯುತ್ತಾರೆ. ಬಾಯಿ ಮುಕ್ಕಳಿಸಿದರೆ ಅವರು ಹೋಗುವುದಿಲ್ಲ. ಸಮುದ್ರದಲ್ಲೇ ನಿಂತಿರುವ ದೋಣಿಯ ಚಿಪ್ಪು ಸಮುದ್ರದ ನೀರಿಗೆ ಉದುರುತ್ತದೆಯೇ? ಕೆರೆಯಬೇಕು, ಸ್ವಾಮಿ. ಅದಕ್ಕೊಂದು ಕೈ ಬೇಕು.

ಕಳೆದ ಚಳಿಗಾಲ ಸೂಲ್‌ಫ್ರಿದ್‌ಳ ಆ ಕೈ ನನ್ನ ಬಾಯೊಳಗಿತ್ತು.

"ಇನ್ನೂ ಅಗಲ ತೆಗಿ, ಐಲರ್ಟ್. ದರ ಹೇಳೋವಾಗ ಇಷ್ಟಗಲ ತೆಗೀತೀಯಲ್ಲ, ಈಗೇನಾಯ್ತು?"

"ಆ... ನೋ... ಇಲ್..."

"ನೋವಿಲ್ಲ. ಗೊತ್ತು. ಅದೇ ತೊಂದ್ರೆ ಕಣೋ. ಹುಳ ಹಲಗೆ ಕೊರೆಯೋವಾಗ ದೋಣಿ ಯಾವತ್ತಾದ್ರೂ ಕೂಗ್ಕೊಂಡಿದ್ಯಾ? ಉಜ್ಜೋವಾಗ ರಕ್ತ ಬರ್ತಿತ್ತಲ್ಲ, ಅದೇ ಅದರ ಕೂಗು. ಊರವರ ದೋಣಿ ಎಲ್ಲಾ ಕೆರೀತೀಯ, ನಿನ್ನದು ಯಾರು ಕೆರೀಬೇಕು?"

ಆಮೇಲೆ ಕೈಯಲ್ಲಿ ಕನ್ನಡಿ ಕೊಟ್ಟು ಕೆಳಸಾಲಿನ ಮುಂದಿನ ಹಲ್ಲೊಂದನ್ನು ಬೆರಳಲ್ಲಿ ಮುಟ್ಟಿದಳು. ಅದು ಅಲುಗಿತು. ವಸಡಿನಡಿಯ ಮೂಳೆ ಸವೆದಿದೆ, ಸವೆದದ್ದು ಮರಳಿ ಬರುವ ಭರವಸೆ ಇಲ್ಲ, ಆದರೆ ತಪ್ಪದೆ ಬಂದು ಸಂದಿ ಕೆರೆಸಿಕೊಂಡರೆ ಉಳಿದದ್ದು ಹಲ್ಲನ್ನು ಹಿಡಿದುಕೊಳ್ಳುತ್ತದೆ ಎಂದಳು.

ಒಂದು ಹಲ್ಲು ಹೋದರೇನು ಎಂದು ತಾವು ಕೇಳಬಹುದು. ನಾನು ಊರಿನ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ ಊದುವವನು. ಊದುವುದು ತುಟಿಗಳೇ ಆದರೂ ತುಟಿಗಳಿಗೆ ಒರಗಲು ಹಿಂದೊಂದು ಗೋಡೆ ಬೇಕು. ಆ ಗೋಡೆಯ ನಡುಗಲ್ಲು ಈ ಹಲ್ಲು. ಅದು ಬಿದ್ದ ದಿನ ನನ್ನ ಕಾರ್ನೆಟ್ ಗೋಡೆಗೆ ತೂಗುಹಾಕುವ ಹಿತ್ತಾಳೆಯಾಗುತ್ತದೆ. ವರ್ಷವಿಡೀ ಪಾಚಿಯ ವಾಸನೆಯಲ್ಲಿ ಬದುಕುವವನಿಗೆ ಮನುಷ್ಯನಂತೆ ಅನ್ನಿಸುವುದು ಬ್ಯಾಂಡಿನ ಸಾಲಿನಲ್ಲಿ ನಿಂತಾಗ ಮಾತ್ರ. ಇದು ತಮ್ಮ ವಾರ್ಷಿಕ ವರದಿಯ ಯಾವ ಕಲಮಿನಡಿ ಬರುತ್ತದೋ ನಾನರಿಯೆ.

ಈಗ ಮೇ ಹದಿನೇಳರ ಸಂಗತಿಗೆ ಬರೋಣ. ನಾರ್ವೆಯಲ್ಲಿ ಹುಟ್ಟಿದ ಯಾರೂ ಸಂವಿಧಾನದ ದಿನದಂದು ಬಿಟ್ಟಿಯಾಗಿ ಸಿಕ್ಕಿದ ತಿಂಡಿಯ ಮೇಲಿನ ಬರಹ ಓದುವುದಿಲ್ಲ. ಅಂದು ಮಕ್ಕಳಿಗೆ ಐಸ್‌ಕ್ರೀಮಿಗೆ ಲೆಕ್ಕವಿಲ್ಲ, ದೊಡ್ಡವರಿಗೆ ಸಾಸೇಜಿಗೆ ಲೆಕ್ಕವಿಲ್ಲ. ತಮ್ಮ ಕಚೇರಿಯ ಯಾವ ಮೇಧಾವಿಗೆ ಹೊಳೆಯಿತೋ, ಕೆಂಪು ಮಾತ್ರೆಯ ಪೊಟ್ಟಣಗಳಿಗೆ ಬಾವುಟದ ಬಣ್ಣದ ರಿಬ್ಬನ್ ಕಟ್ಟಿ, ಶಾಲೆಯಂಗಳದಲ್ಲಿ ಪಾಲಕರ ಸಂಘದವರು ದೋಸೆಯಂಥ ವಾಫಲ್ ಹುಯ್ಯುತ್ತಿದ್ದ ಮೇಜಿನ ಮೇಲೆ ರಾಶಿ ಹಾಕಿಸಿದರು. "ಹಲ್ಲುಜ್ಜಿದ ಬಳಿಕ ಕನ್ನಡಿಯ ಮುಂದೆ ನಿಂತು ಜಗಿದು ಉಗುಳಿ" ಎಂದು ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಬರೆದಿತ್ತಂತೆ. ನಮ್ಮ ಬ್ಯಾಂಡಿನ ಮುಖಂಡ ಆಸ್‌ಮುಂಡ್ ಒಂದು ಹಿಡಿ ತಂದ.

"ತಗೊಳ್ರೋ, ಜಿಲ್ಲೆಯವರು ಮಿಠಾಯಿ ಕಳ್ಸಿದಾರೆ. ಗಂಟಲು ಒಣಗಲ್ಲ."

"ಜಿಲ್ಲೆಯವರು ನಮಗೆ ಏನಾದ್ರೂ ಕಳ್ಸಿದಾರಾ? ಅವಧಿ ಮುಗಿದಿರ್ತದೆ, ನೋಡು ಮಾರಾಯ!" ಎಂದೆ. ಆದರೂ ಜಗಿದೆ. ಎಲ್ಲರೂ ಜಗಿದರು.

ಮೆರವಣಿಗೆ ಹೊರಟಿತು. ಮೊದಲ ತಿರುವಿನಲ್ಲಿ ಆಸ್‌ಮುಂಡ್ ನಮ್ಮ ಕಡೆ ತಿರುಗಿ ಎಣಿಕೆ ಕೊಟ್ಟಾಗ ಅವನ ಬಾಯಿ ಆಗಷ್ಟೇ ಸೀಲ್ ಪ್ರಾಣಿಯನ್ನು ತಿಂದ ಹಿಮಕರಡಿಯ ಬಾಯಿಯಂತೆ ಕಂಡಿತು. ಪಾಪ, ಒಳಗೆ ಏನೋ ಒಡೆದಿದೆ, ಆದರೂ ಕರ್ತವ್ಯ ಬಿಟ್ಟಿಲ್ಲ ಎಂದುಕೊಂಡು ಸುಮ್ಮನಾದೆ. ಅವನು ನನ್ನನ್ನು ನೋಡಿ, ಐಲರ್ಟನ ಹಲ್ಲು ಕೊನೆಗೂ ಕಿತ್ತುಬಂತು ಎಂದುಕೊಂಡು, ಮಾತಾಡದೆ ತನ್ನ ಕರವಸ್ತ್ರವನ್ನು ನನ್ನ ಕೈಗೆ ತುರುಕಿದ. ನಮ್ಮ ಜನದ ಸಭ್ಯತೆ ತಮಗೆ ಗೊತ್ತೇ ಇದೆ. ಎದುರಿನವನ ತಲೆಯ ಮೇಲೆ ಕಡಲಹಕ್ಕಿ ಗೂಡು ಕಟ್ಟಿದ್ದರೂ "ಈ ಸಲ ಬಿಸಿಲು ಚೆನ್ನಾಗಿದೆ" ಎನ್ನುತ್ತೇವೆಯೇ ಹೊರತು ಹಕ್ಕಿಯ ಮಾತೆತ್ತುವುದಿಲ್ಲ. ಹಾಗಾಗಿ ಇಡೀ ಊರು ಕೆಂಪು ಬಾಯಿಯಲ್ಲಿ ಪರಸ್ಪರ ಶುಭಾಶಯ ಹೇಳಿಕೊಂಡು, ಒಬ್ಬರಿಗೊಬ್ಬರು ಮನಸ್ಸಿನಲ್ಲೇ ಮರುಗಿಕೊಂಡು, ಚರ್ಚಿನವರೆಗೂ ಗಂಭೀರವಾಗಿ ನಡೆಯಿತು. ನನ್ನ ಹೆಂಡತಿ ಬೋರ್ಗ್‌ಹಿಲ್ಡ್ ಹಾದಿಬದಿಯಿಂದ ಬಾವುಟ ಬೀಸಿ ನಕ್ಕಳು. ಮದುವೆಯಾಗಿ ಇಷ್ಟು ಕಾಲವಾದರೂ ನಾನು ಅವಳಿಗೂ ಹೇಳಲಿಲ್ಲ, ಅವಳು ನನಗೂ ಹೇಳಲಿಲ್ಲ.

ವೇದಿಕೆಯ ಮೇಲೆ ದಿನದ ಭಾಷಣಕಾರರಾಗಿ ತಾವಿದ್ದಿರಿ. ಹುಡುಗಿಯೊಬ್ಬಳು ತಮಗೂ ಒಂದು "ಮಿಠಾಯಿ" ಕೊಟ್ಟಳು. ಫೋಟೋದವರು ಎದುರಿಗಿದ್ದರು, ತಾವು ತಮ್ಮ ಇಲಾಖೆಯದೇ ಮಾತ್ರೆಯನ್ನು ಗುರುತಿಸದೆ ಬಾಯಿಗೆ ಹಾಕಿಕೊಂಡಿರಿ. ಆಮೇಲೆ ಧ್ವನಿವರ್ಧಕದ ಮುಂದೆ ನಿಂತು, ಈ ಜಿಲ್ಲೆಯ ಬಾಯಿಗಳು ದೇಶಕ್ಕೇ ಮಾದರಿ ಎಂದು ಅಪ್ಪಣೆ ಕೊಡಿಸಿದಿರಿ. ಮಾತು ಮಾತಿಗೂ ಮಾದರಿ ನಮಗೆ ಕಾಣುತ್ತಿತ್ತು. ನಾವು ಕೆಂಪು ಬಾಯಿಗಳಿಂದ ಜಯಕಾರ ಕೂಗಿದೆವು. ಸರಕಾರ ಮತ್ತು ಪ್ರಜೆಗಳ ನಡುವೆ ಇಂಥ ಸಾಮ್ಯ ನಾನು ಮತ್ತೆಂದೂ ಕಂಡಿಲ್ಲ.

ಸಭ್ಯತೆ ಮುರಿದವಳು ಸೂಲ್‌ಫ್ರಿದ್. ಬ್ಯಾಂಡಿನ ಪತಾಕೆ ಹೊತ್ತು ಮುಂದೆ ನಡೆದಿದ್ದರಿಂದ ಅವಳು ನಮ್ಮ ಯಾರ ಮುಖವನ್ನೂ ನೋಡಿರಲಿಲ್ಲ. ರಾಷ್ಟ್ರಗೀತೆಗೆ ಊರೆಲ್ಲ ಬಾಯಿ ತೆರೆದಾಗ ಹಿಂದಿರುಗಿ ನೋಡಿದಳು. ಪತಾಕೆ ಒಂದು ಕಡೆ ವಾಲಿತು, ಇವಳು ಇನ್ನೊಂದು ಕಡೆ. ನಗು ನಿಂತ ಮೇಲೆ ಸಾಲುಸಾಲಾಗಿ ಬಂದಳು.

"ಆಸ್‌ಮುಂಡ್, ಮುಂದೆ ಚೆನ್ನಾಗಿ ಉಜ್ತೀಯ, ಹಿಂದಿನ ಹಲ್ಲು ನೆರೆಮನೆಯವರದ್ದಾ? ನೀನು ಪರವಾಗಿಲ್ಲ, ಬೋರ್ಗ್‌ಹಿಲ್ಡ್, ಹೇಳಿದ್ದು ಕೇಳ್ತೀಯ."

ಕುರ್ಚಿಯಲ್ಲಿ ಹೋದ ತಿಂಗಳು ಕೂತವರ ಬಾಯಿ ತಿಳಿಗೆಂಪು. ಆ ಕಡೆ ತಲೆಹಾಕದವರದ್ದು ಹಂದರದ ಗುಲಾಬಿಯಂತೆ ಕಡುಗೆಂಪು. ವಸಡಿನ ಕುರ್ಚಿಯಿಂದ ವಿಶೇಷ ಪ್ರಯೋಜನ ಕಂಡುಬಂದಿಲ್ಲ ಎಂದು ತಮ್ಮ ಕಚೇರಿ ಬರೆದಿತ್ತಲ್ಲ, ಆ ಮಾತಿಗೆ ತಮ್ಮದೇ ಮಾತ್ರೆ ಊರಿನ ನಡುವೆ ಬಣ್ಣದಲ್ಲಿ ಉತ್ತರ ಬರೆದಿತ್ತು. ಕೊನೆಗೆ ಅವಳು ವೇದಿಕೆಯ ಬಳಿಗೆ ಬಂದಳು.

"ನಿಮ್ದು ಕೆಳಗಡೆ ಸಾಲು, ವಸಡಿನ ಅಂಚಿನುದ್ದಕ್ಕೂ ಕೆಂಪು. ಯಾರಿಗಾದ್ರೂ ತೋರಿಸಿ ಎಷ್ಟು ಕಾಲ ಆಯ್ತು?"

"ಈ ಹುದ್ದೆಗೆ ಬಂದ್ಮೇಲೆ ಪುರುಸೊತ್ತೇ ಸಿಕ್ಕಿಲ್ಲಮ್ಮಾ" ಎಂದಿರಿ ತಾವು.

ನಾನು ಅಲ್ಲೇ ಇದ್ದೆ, ಕೇಳಿಸಿಕೊಂಡೆ. ಹಲ್ಲಿನ ವಿದ್ಯೆ ಕಲಿತು, ಹಲ್ಲಿನ ಇಲಾಖೆಯ ತುದಿಗೇರಿದ ತಾವೇ ತಮ್ಮ ಬಾಯಿಗೆ ಕಾವಲು ಕಾಯಲಾರದೆ ಹೋದಿರಿ. ಇನ್ನು ಮೀನು ಹಿಡಿಯುವವನು, ವಾಫಲ್ ಹುಯ್ಯುವವಳು, ದೋಣಿ ಕೆರೆಯುವವನು ಕಾಯಬೇಕೇ? ತಮ್ಮ ಮಾತ್ರೆಯನ್ನು ನಾನು ಹಳಿಯುವುದಿಲ್ಲ. ಅದು ತೋರಿಸಬೇಕಾದ್ದನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಅದು ತೋರಿಸುವುದು ನೀರಿನ ಮೇಲಿನ ದೋಣಿಯನ್ನು. ಮುಳುಗಿಸುವುದು ನೀರಿನ ಕೆಳಗಿನದು. ವಸಡಿನ ಒಳಗೆ ಬಣ್ಣವೂ ಇಳಿಯದು, ಬ್ರಷ್ಷೂ ಇಳಿಯದು. ಅಂದು ಮನೆಗೆ ಬಂದು ಬೋರ್ಗ್‌ಹಿಲ್ಡ್ ಮತ್ತು ನಾನು ಒಂದೇ ತೊಟ್ಟಿಯ ಮುಂದೆ ನಿಂತು ಹಲ್ಲುಜ್ಜಿದೆವು. ಅವಳ ನೊರೆ ಸ್ವಲ್ಪ ಹೊತ್ತಿಗೆ ಬೆಳ್ಳಗಾಯಿತು. ನನ್ನದು ಆಗಲಿಲ್ಲ.

"ಬಣ್ಣ ಇನ್ನೂ ಹೋಗಿಲ್ವಾ?" ಎಂದಳು.

"ಬಣ್ಣ ಆಗಲೇ ಹೋಯ್ತು ಕಣೇ" ಎಂದೆ.

ಈಗ ನನ್ನ ಬೇಡಿಕೆ. ಕುರ್ಚಿ ಎತ್ತುವ ಮುನ್ನ ಉಳಿದಿರುವ ಕಟ್ಟಕಡೆಯ ಸರದಿ ನನ್ನದು, ಜೂನ್ ಕೊನೆಯ ಮಂಗಳವಾರ ಬೆಳಿಗ್ಗೆ. ಅದನ್ನು ತಮಗೆ ಬಿಟ್ಟುಕೊಡುತ್ತಿದ್ದೇನೆ. ನಿನ್ನೆ ದಂತಾಲಯಕ್ಕೆ ಹೋಗಿ ಹೇಳಿಬಂದೆ.

"ತಲೆ ಕೆಟ್ಟಿದ್ಯಾ? ನಿನ್ನ ಹಲ್ಲು ಇನ್ನೊಂದು ಸರದಿವರೆಗೆ ಕಾಯಲ್ಲ" ಎಂದು ಸೂಲ್‌ಫ್ರಿದ್ ರೇಗಿದಳು.

"ನಾನು ಕೂತ್ರೆ ಒಂದು ಹಲ್ಲು ಮುಂದಿನ ಚಳಿಗಾಲದವರೆಗೆ ನಿಲ್ತದೆ. ಅವರು ಕೂತ್ರೆ ಕುರ್ಚಿ ನಿಲ್ತದೆ. ಕುರ್ಚಿ ನಿಂತ್ರೆ ನನ್ನ ಸರದಿ ಮತ್ತೆ ಬರ್ತದೆ."

"ಅವರು ಬರದಿದ್ರೆ?"

ಅದಕ್ಕೆ ಉತ್ತರ ತಮ್ಮಲ್ಲಿದೆ.

ಇದನ್ನು ತ್ಯಾಗವೆಂದು ತಿಳಿಯಬೇಡಿ. ನಾನು ವ್ಯಾಪಾರಿ, ನಷ್ಟದ ಸರಕಿಗೆ ಕೈಹಾಕುವವನಲ್ಲ. ಸೂಲ್‌ಫ್ರಿದ್‌ಗೆ ಒಂದು ಅಭ್ಯಾಸವಿದೆ. ಸಲಕರಣೆಗಳೆಲ್ಲ ಬಾಯೊಳಗೆ ಹೋದ ಮೇಲೆಯೇ ಪ್ರಶ್ನೆ ಕೇಳಲು ಶುರುಮಾಡುತ್ತಾಳೆ. ಕೂತವರು ಉತ್ತರ ಕೊಡಲಾರರು, ಎದ್ದು ಹೋಗಲಾರರು, ಸಮಿತಿಗೆ ಒಪ್ಪಿಸಲಾರರು, ಕೇಳಿಸಿಕೊಳ್ಳುವುದೊಂದೇ ದಾರಿ. ಅಧಿಕಾರಿಗಳು ಪ್ರಜೆಗಳ ಮಾತನ್ನು ಕಡೆಯವರೆಗೂ ಕೇಳುವಂತೆ ಮಾಡುವ ಆಸನ ನಮ್ಮ ಇಡೀ ಜಿಲ್ಲೆಯಲ್ಲಿ ಇದೊಂದೇ. ಅದನ್ನೇ ತಾವು ಎತ್ತಿಸಲು ಹೊರಟಿದ್ದೀರಿ. ಬೆಳಗಿನ ಮೊದಲ ದೋಣಿಗೆ ಬನ್ನಿ. ದಕ್ಕೆಯಲ್ಲಿ ಕಾರ್ನೆಟ್ ಊದಿ ಸ್ವಾಗತಿಸುತ್ತೇನೆ. ಸ್ವರ ಸ್ವಲ್ಪ ಅದುರಿದರೆ ಅದು ಭಕ್ತಿಯಿಂದಲ್ಲ ಎಂದು ತಿಳಿದು ಕ್ಷಮಿಸಿ.

ಇಂತಿ, ಈ ಪತ್ರ ಬರೆಯುವ ಹೊತ್ತಿಗೆ ಎಲ್ಲ ಹಲ್ಲುಗಳೂ ಸ್ಥಳದಲ್ಲಿರುವ,
ಐಲರ್ಟ್ ನೆಸ್‌ಹೈಮ್
ದೋಣಿಕಟ್ಟೆ, ಗ್ರುನ್‌ವಾಗ್