ಏಪ್ರಿಲ್‌ನಲ್ಲಿ ಕಡಿದ ಕೊಂಬೆ

ಟೆಕ್ಸಾಸ್, ಜುಲೈ 9

ಮಿಲ್ಬರ್ನ್,

ಗುರುವಾರ ಕಂದಕ ತೋಡೋ ಯಂತ್ರ ಬರುತ್ತೆ, ಬೇಲಿ ಬಿಚ್ಚಿಡು. ಹೋದ ವಾರದ ಹಾಗೆ ಅಡ್ಡ ನಿಂತು ಕೂಗಾಡಬೇಡ. ಓಕ್ ಮರಗಳ ಬೇರುಗಳೆಲ್ಲ ನೆಲದಡಿ ಕೂಡಿಕೊಂಡಿವೆ. ನಡುವೆ ಕಂದಕ ತೋಡಿ ಅವನ್ನ ಕತ್ತರಿಸದಿದ್ದರೆ ಅಮ್ಮನ ಮನೆ ಮುಂದಿನ ಮರದ ರೋಗ ನಿನ್ನ ನಲವತ್ತು ಮರಕ್ಕೂ ಹಬ್ಬುತ್ತೆ.

"ಏಪ್ರಿಲ್‌ನಲ್ಲಿ ಕೊಂಬೆ ಕಡಿದು ಗಾಯಕ್ಕೆ ಬಣ್ಣ ಬಳಿಯದೆ ಬಿಟ್ಟ ಕತ್ತೆ ಯಾವುದು? ಹಸಿ ಗಾಯದ ಮೇಲೆ ಕೂರೋ ಜೀರುಂಡೆ ರೋಗ ತರದೆ ಇರುತ್ತಾ?" ಅಂತ ರೆನಾಲ್ಡೋನನ್ನ ಕೆಲಸದಿಂದ ಓಡಿಸಿದೆಯಲ್ಲ, ಅವನನ್ನ ವಾಪಸ್ ಕರಿ. ಆ ಕತ್ತೆ ನಾನು.

ತೀರಿಕೊಳ್ಳೋ ಹಿಂದಿನ ದಿನ ಅಮ್ಮ, "ಕಿಟಕಿ ಮುಂದಿನ ಕೊಂಬೆ ತೆಗಿಯೇ ಲೋರೀನ್, ಒಂದ್ಸಲ ಹೊಳೆ ನೋಡ್ತೀನಿ" ಅಂದಳು. ಕಡಿದೆ. ಬಣ್ಣದ ಡಬ್ಬಿ ಕೈಗೆತ್ತಿಕೊಳ್ಳೋ ಹೊತ್ತಿಗೆ ಒಳಗೆ ಅಮ್ಮ ನಕ್ಕಿದ್ದು ಕೇಳಿಸ್ತು. ಎಲ್ಲ ಬಿಟ್ಟು ಓಡಿದೆ.

ಡಬ್ಬಿ ಇನ್ನೂ ಮರದ ಬುಡದಲ್ಲೇ ಇದೆ. ಮುಚ್ಚಳ ತೆಗೆದಿಲ್ಲ.

ನಿನ್ನ ಅಕ್ಕ,
ಲೋರೀನ್