ಮೂತಿಗೆ ಬಳಿದ ಕೆಂಪು

ಮಾರ್ಚ್ 3, ಬೆಳಿಗ್ಗೆ
ಮತ್ತೆ ಬಟ್ಟಲು ಒರೆಸಿದೆ. ಗ್ಲೌಸ್, ಮಾಸ್ಕ್, ಉಸಿರು ಬಿಗಿಹಿಡಿದು. ಅಂಗೈಯಗಲದ ಲೋಹದ ಬಟ್ಟಲು, ಅಷ್ಟೇ. ರಾಕೆಟ್ ಮೂತಿಯಲ್ಲಿ ಕೂತು ಎಂಬತ್ತು ಕಿಲೋಮೀಟರ್ ಮೇಲೆ ಹೋಗಬೇಕು. ಉಲ್ಕೆಗಳು ಸುಟ್ಟು ಉಳಿದ ಧೂಳು ಅಲ್ಲಿ ವಿದ್ಯುತ್ ಹೊತ್ತು ತೇಲುತ್ತಿರುತ್ತದೆ. ಬಟ್ಟಲಿಗೆ ಬಿದ್ದರೆ ಲೆಕ್ಕ ಸಿಗುತ್ತದೆ. ವರ್ಷಗಟ್ಟಲೆ ಇದೇ ಕೆಲಸ.
ಯಜಮಾನರು: "ಧೂಳು ನೋಡೋಕೆ ರಾಕೆಟ್ ಯಾಕೆ? ನಮ್ಮ ಫ್ಯಾನ್ ಮೇಲೆ ನೋಡು." ನಕ್ಕೆ. ಫ್ಯಾನ್ ಒರೆಸಲಿಲ್ಲ.

ಮಾರ್ಚ್ 4
ಥೂ! ಹಾರಿಸುವ ದಿನ ಮಂತ್ರಿಗಳು ಬರುತ್ತಾರಂತೆ. ಬಾಸ್ ರಾಕೆಟ್ ನೋಡಿ ಮುಖ ಸಿಂಡರಿಸಿದರು. "ಏನ್ರೀ ಇದು, ಮೂತಿ ಬೋಳು ಬೋಳಾಗಿದೆ. ಫೋಟೋದಲ್ಲಿ ಎದ್ದು ಕಾಣ್ಬೇಕು." ಕೆಂಪು ಬಣ್ಣ ತರಿಸಿ ಬಳಿಸಿಯೇಬಿಟ್ಟರು.
"ಸರ್, ಮೇಲೆ ಹೋಗ್ತಾ ಬಿಸಿಗೆ ಪುಡಿ ಉದುರತ್ತೆ. ಬಟ್ಟಲಿಗೇ ಬೀಳತ್ತೆ."
"ನೀವೊಬ್ರು. ಎಲ್ಲದಕ್ಕೂ ಕೊಕ್ಕೆ!"
ತಲೆಗೆ ನೀರು ಹಾಕಿಕೊಂಡರೂ ಪೇಂಟ್ ವಾಸನೆ ಹೋಗಿಲ್ಲ.

ಮಾರ್ಚ್ 6
ಹಾರಿತು. ಚಪ್ಪಾಳೆಯೋ ಚಪ್ಪಾಳೆ. ನಾನು ಗ್ರಾಫ್ ನೋಡಿದೆ. ಮೂವತ್ತು ಕಿಲೋಮೀಟರಿಗೇ ಗೆರೆ ಎಗರಿದೆ. ಅಲ್ಲೆಲ್ಲಿಯ ಉಲ್ಕೆ ಧೂಳು? ಬಣ್ಣ. ನಮ್ಮದೇ ಬಣ್ಣ. ಎಂಬತ್ತರಲ್ಲಿ ಯಾವುದು ಆಕಾಶದ್ದು, ಯಾವುದು ಡಬ್ಬಿಯದ್ದು — ಇನ್ನು ಯಾರಪ್ಪನಿಗೂ ಗೊತ್ತಾಗುವುದಿಲ್ಲ. ಬಾತ್‌ರೂಮಿನಲ್ಲಿ ನಿಂತು ಅತ್ತೆ.

ಮಾರ್ಚ್ 19
ಇಷ್ಟು ದಿನ ಪೆನ್ ಮುಟ್ಟಲು ಮನಸ್ಸಾಗಲಿಲ್ಲ. ಬಾಸ್ ಗ್ರಾಫಿನ ಕೆಳಭಾಗ, ಮೂವತ್ತು ಕಿಲೋಮೀಟರಿಗೆ ಗೆರೆ ಎಗರಿದ್ದನ್ನೇ, ಕತ್ತರಿಸಿದ್ದಾರೆ. ಉಳಿದದ್ದು "ಈವರೆಗೆ ಯಾರೂ ಕಾಣದಷ್ಟು ಧೂಳು". ಪ್ರಬಂಧ ಆಗಲೇ ವಿಜ್ಞಾನ ಪತ್ರಿಕೆಗೆ ಹೋಗಿದೆ. ಮೊದಲ ಹೆಸರು ನನ್ನದು!
"ಕೆಳಗಿಂದು ಯಾರಿಗ್ರೀ ಬೇಕು? ಸುಮ್ನಿದ್ರೆ ಮುಂದಿನ ರಾಕೆಟ್ ನಿಮ್ದೇ. ಇಲ್ಲಾಂದ್ರೆ ಇದೇ ಕೊನೆ."
ಹಲ್ಲು ಕಿರಿದರು. ಅಸಹ್ಯ. ಅದಕ್ಕಿಂತ ಅಸಹ್ಯ — ಮುಂದಿನ ರಾಕೆಟ್ ಎಂದ ಕೂಡಲೇ ನನ್ನ ಬಾಯಲ್ಲಿ ನೀರೂರಿತು.

ಮಾರ್ಚ್ 20, ಸಂಜೆ
ಯಜಮಾನರಿಗೆ ಎಲ್ಲ ಹೇಳಿದೆ. ಈ ಸಲ ತಮಾಷೆ ಮಾಡಲಿಲ್ಲ. "ಅಂದ್ರೆ ನಿನ್ನ ಬಟ್ಟಲು ಸರಿಯಾಗೇ ಕೆಲ್ಸ ಮಾಡಿದೆ. ಬಿದ್ದಿದ್ದನ್ನ ಬಿದ್ದ ಹಾಗೇ ಹೇಳಿದೆ" ಅಂದರು.
ಹೌದಲ್ಲ...

ಮಾರ್ಚ್ 21, ಲ್ಯಾಬ್
ಇಡೀ ಗ್ರಾಫು, ಜೊತೆಗೆ ಕೆಂಪು ಮೂತಿಯ ಫೋಟೋ, ಪತ್ರಿಕೆಯ ಸಂಪಾದಕರಿಗೆ ಕಳಿಸಿದೆ. ಬಾಸ್‌ಗೂ ಒಂದು ಪ್ರತಿ. ಮುಂದಿನ ರಾಕೆಟ್ ಕೈತಪ್ಪಿತು. ಅದಕ್ಕೆಂದು ಮಾಡಿಟ್ಟ ಎರಡನೇ ಬಟ್ಟಲು ಮೇಜಿನ ಮೇಲಿದೆ. ಇನ್ನು ಯಾರ ಕೈಗೋ.
ಬಾಗಿಲು ಬಡಿಯುತ್ತಿದ್ದಾರೆ. "ತೆಗೀರಿ! ಏನ್ರೀ ಮಾಡಿದ್ರಿ ನೀವು?" ಬಾಸ್.
ತೆಗೆಯುತ್ತೇನೆ. ಮೊದಲು ಬಟ್ಟಲು ಒರೆಸಿ, ಮುಚ್ಚಿಡಬೇಕು. ಅವನ ಉಸಿರು ತಾಗದ ಹಾಗೆ —